ಸೊನ್ನೆ ಒತ್ತಿದರೆ ಹೊರಗೆ

ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದ ಅಷ್ಟೂ ವರ್ಷ ಮನೆಯೊಡತಿ ಒಂದು ದಿನವೂ ನನ್ನ ಮುಖವನ್ನು ನೇರವಾಗಿ ನೋಡಲಿಲ್ಲ. ಮಾತಾಡುವಾಗ ನನ್ನ ಭುಜದಾಚೆಯ ಕಿಟಕಿಯನ್ನೋ ಬಾಗಿಲ ಚಿಲಕವನ್ನೋ ನೋಡುತ್ತಿದ್ದರು. ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು. ನಾನು ಗದಗದ ಕಡೆಯವನು. ನಮ್ಮಲ್ಲಿ ಮುಖ ನೋಡದೆ ಮಾತಾಡಿದರೆ ಒಂದೋ ಜಗಳವಾಗಿದೆ ಎಂದರ್ಥ, ಇಲ್ಲವೇ ಸೊಕ್ಕು. ಬೆಂಗಳೂರಿನ ಮನೆ ಮಾಲೀಕರಿಗೆ ಎರಡನೆಯದು ಇದ್ದರೆ ಅದೇನು ದೊಡ್ಡ ಸುದ್ದಿಯಲ್ಲ ಅಂದುಕೊಂಡು ಸುಮ್ಮನಿದ್ದೆ. ಒಂದು ದಿನ ಅವರೇ ಹೇಳಿದರು, ಅದೂ ಕಿಟಕಿಯ ಕಡೆ ತಿರುಗಿಯೇ.

"ತಪ್ಪು ತಿಳ್ಕೋಬೇಡಪ್ಪ. ನಿನ್ನ ನೋಡಿದ್ರೆ ನೀನು ಕಾಣಲ್ಲ. ಪಕ್ಕಕ್ಕೆ ನೋಡಿದ್ರೆ ಸ್ವಲ್ಪ ಕಾಣ್ತೀಯ."

ಅವರ ಕಣ್ಣಿನ ನಟ್ಟನಡುವೆ ಒಂದು ಮಸಿಯ ಕಲೆ ಬಂದು ಕೂತಿತ್ತು. ಯಾವುದನ್ನು ನೋಡಬೇಕೆಂದು ತಿರುಗುತ್ತಾರೋ ಅದನ್ನೇ ಅದು ಮುಚ್ಚುತ್ತಿತ್ತು. ಉಳಿದಿದ್ದದ್ದು ನೋಟದ ಅಂಚು ಮಾತ್ರ. ಜೊತೆಗೆ ಕಣ್ಣಿನ ಒತ್ತಡದ ಕಾಯಿಲೆಯೂ ಸೇರಿಕೊಂಡಿದ್ದರಿಂದ ಆ ಅಂಚೂ ಮೆಲ್ಲಗೆ ಸವೆಯುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹಾಗಾಗಿ ಅವರು ಕಾಣಬೇಕಾದದ್ದರಿಂದ ಮುಖ ತಿರುಗಿಸಿ ಅದನ್ನು ಕಾಣುವುದನ್ನು ಕಲಿತಿದ್ದರು. ಬೀದಿಯವರು ಮಾತ್ರ, ಬ್ಯಾಂಕಿನಿಂದ ರಿಟೈರ್ ಆದಮೇಲೆ ಈಯಮ್ಮನಿಗೆ ಜಂಭ ಬಂದಿದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಇರಲಿ ಬಿಡು, ಕೆಲಸದಲ್ಲಿದ್ದಾಗ ಜಂಭ ಪಡೋಕೆ ಪುರಸೊತ್ತಿರಲಿಲ್ಲ ಎಂದು ನಕ್ಕಿದ್ದರು.

ತ್ಯಾಗರಾಜನಗರದ ಒಂದು ಅಡ್ಡರಸ್ತೆಯ ಮನೆ ಅದು. ಕೆಂಪು ನೆಲ, ಎದುರಿಗೆ ಹೊಂಗೆ ಮರ. ಕೆಳಗೆ ಅಕ್ಕ ತಂಗಿ ಇಬ್ಬರೇ. ತಂಗಿಯನ್ನು ನಾನು ಮೇಡಂ ಎನ್ನುತ್ತಿದ್ದೆ. ಅವರು ಮದುವೆಯಾದವರಲ್ಲ. ಅಕ್ಕನನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಅವರು ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಡುಗೆಮನೆಯನ್ನು ತಮ್ಮ ಕೈಗೆ ತೆಗೆದುಕೊಂಡವರು, ಮತ್ತೆ ಬಿಟ್ಟುಕೊಡಲಿಲ್ಲ. ದೊಡ್ಡಮ್ಮ ಎಂಟು ವರ್ಷ ದೊಡ್ಡವರು. ಇಬ್ಬರ ನಡುವೆ ಮಾತು ಕಡಿಮೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮಾತ್ರ ಅಡುಗೆಮನೆಯಿಂದ ಒಂದು ಕೂಗು ಬರುತ್ತಿತ್ತು: "ಬಾರೇ, ಕಾಫಿ ಆರ್ತಾ ಇದೆ." ಅದೂ ಒಂದೇ ಸಲ. ಎರಡನೇ ಸಲ ಕರೆದರೆ ಅದು ಕರೆಯುವುದಲ್ಲ, ಅಂಗಲಾಚುವುದು ಎಂಬುದು ದೊಡ್ಡಮ್ಮನ ಲೆಕ್ಕ. ತಂಗಿ ಬರದಿದ್ದರೆ ಕಾಫಿ ಆರುತ್ತಿತ್ತು, ಅವರು ಸದ್ದಿಲ್ಲದೆ ಬಿಸಿ ಮಾಡುತ್ತಿದ್ದರು.

ಮೇಡಂ ಕೆಲಸ ಮಾಡಿದ್ದು ಬ್ಯಾಂಕಿಗೆ ಹೊಸದಾಗಿ ಕಂಪ್ಯೂಟರ್ ಬಂದ ಕಾಲದಲ್ಲಿ. ಆ ಯಂತ್ರಗಳಲ್ಲಿ ಚಿತ್ರವಿರಲಿಲ್ಲ, ಮೌಸ್ ಇರಲಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಸಾಲಾಗಿ ಅಂಕಿಗಳು, ಪಕ್ಕದಲ್ಲಿ ಕೆಲಸದ ಹೆಸರು. ಅಂಕಿ ಒತ್ತಿದರೆ ಇನ್ನೊಂದು ಪಟ್ಟಿ, ಅಲ್ಲಿ ಒತ್ತಿದರೆ ಮತ್ತೊಂದು. ಈ ಪಟ್ಟಿಗೆ ಮೆನು ಎಂದು ಹೆಸರು. ಎಲ್ಲ ಪಟ್ಟಿಗಳ ಕೊನೆಯಲ್ಲೂ ಸೊನ್ನೆ, ಅದು ಹೊರಗೆ ಬರುವ ದಾರಿ. ಆ ಯಂತ್ರಗಳನ್ನು ನಡೆಸುತ್ತಿದ್ದ ಯುನಿಕ್ಸ್ ಎಂಬ ವ್ಯವಸ್ಥೆಯ ಹೆಸರು ಆ ಕಾಲದ ಗುಮಾಸ್ತರಿಗೆ ಗೊತ್ತಿತ್ತೋ ಇಲ್ಲವೋ, ಅದರ ದಾರಿಗಳು ಮಾತ್ರ ಬೆರಳಿನಲ್ಲಿದ್ದವು. ಯಾರಾದರೂ ಡಿಮ್ಯಾಂಡ್ ಡ್ರಾಫ್ಟ್ ಎಂದರೆ ಮೇಡಂ ಬಲಗೈ ಮೇಜಿನ ಮೇಲೆ ಮೂರು-ಒಂದು-ಎರಡು ಎಂದು ತಾನೇ ತಟ್ಟುತ್ತಿತ್ತು. ಅವರಿಗೆ ಏನಾದರೂ ಒಪ್ಪಿಗೆಯಾದರೆ "ಪಾಸ್" ಎನ್ನುತ್ತಿದ್ದರು, ವೋಚರ್‌ಗೆ ಸಹಿ ಹಾಕಿದ ಹಾಗೆ. ದೊಡ್ಡಮ್ಮನ ಸಾರು ಕೂಡ ದಿನಾ ಪಾಸಾಗಬೇಕಿತ್ತು.

ನಾನು ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಎಂದು ತಿಳಿದ ಮೇಲೆ ಒಂದು ಭಾನುವಾರ ಕೆಳಗೆ ಕರೆದರು. ನಡುಮನೆಯಲ್ಲಿ ಯಾರೋ ನೆಂಟರು ಕೊಟ್ಟ ಹಳೆಯ ಕಂಪ್ಯೂಟರ್ ಇತ್ತು. ಪರದೆಯ ಮೇಲಿನ ಬಾಣ ಅವರ ಕಣ್ಣಿನ ಮಸಿಯೊಳಗೆ ಹೋಗಿ ಅಡಗುತ್ತಿತ್ತು. ಮೊಬೈಲಿನ ಗಾಜು ಇನ್ನೂ ಕಷ್ಟ, ಬೆರಳು ಎಲ್ಲಿಟ್ಟೆವು ಎಂದು ಬೆರಳಿಗೇ ತಿಳಿಯುವುದಿಲ್ಲ. ತಮಗೆ ಬ್ಯಾಂಕಿನಲ್ಲಿದ್ದಂಥ ಒಂದು ಮೆನು ಬೇಕು ಎಂದರು. ಒಂದು ಕೀ ಒತ್ತಿದರೆ ಬರಬೇಕು, ಅಂಕಿ ಒತ್ತಿದರೆ ಕೆಲಸ ಆಗಬೇಕು. ಅಷ್ಟೇ ಸಾಕೇ ಎಂದು ಕೇಳಿದೆ. ಅವರು ಕಿಟಕಿಯ ಸರಳುಗಳನ್ನು ನೋಡುತ್ತ ನಿಧಾನಕ್ಕೆ ಹೇಳಿದರು.

"ಕಣ್ಣು ಪೂರ್ತಿ ಹೋಗೋದ್ರೊಳಗೆ ಅದು ಬೆರಳಿಗೆ ಬಂದುಬಿಡ್ಬೇಕು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡೋಳು. ಲೆಕ್ಕ ನನಗೂ ಬರುತ್ತಪ್ಪ. ಅವಳು ಹೋದ್ಮೇಲೆ ಒಂದು ಹಾಡು ಹಾಕಿ, ಒಂದು ಪುಟ ಓದಿ ಅಂತ ನಾನು ಯಾರನ್ನೂ ಕೇಳ್ಬಾರ್ದು."

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಾಗುತ್ತಿತ್ತು. ದೊಡ್ಡಮ್ಮನಿಗೆ ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ.

ಮೊದಲು ನನ್ನ ಲ್ಯಾಪ್‌ಟಾಪಿನಲ್ಲಿದ್ದ ಮೆನುವನ್ನೇ ತೋರಿಸಿದೆ. ಬಣ್ಣ ಬಣ್ಣದ್ದು, ಪುಟ್ಟ ಚಿತ್ರಗಳದ್ದು. ನಾವು ಹೆಚ್ಚಾಗಿ ಯಾವುದನ್ನು ಬಳಸುತ್ತೇವೋ ಅದನ್ನು ತಾನೇ ತಿಳಿದು ಮೇಲಕ್ಕೆ ತರುತ್ತದೆ ಎಂದು ಹೆಮ್ಮೆಯಿಂದ ವಿವರಿಸಿದೆ. ಮೇಡಂ ಮುಖ ಹುಳ್ಳಗೆ ಮಾಡಿದರು. ಇವತ್ತು ಇಲ್ಲಿದ್ದದ್ದು ನಾಳೆ ಅಲ್ಲಿದ್ದರೆ ಕೈ ಯಾವುದನ್ನು ನಂಬುವುದು ಎಂದರು. ಒಳಗಿನಿಂದ ದೊಡ್ಡಮ್ಮನೂ ದನಿಗೂಡಿಸಿದರು: "ಹುಳಿ ಜಾಸ್ತಿ ಖರ್ಚಾಗುತ್ತೆ ಅಂತ ಉಪ್ಪಿನ ಜಾಗದಲ್ಲಿ ಹುಳಿ ಬಡಿಸ್ತಾರೇನಪ್ಪ?" ಬಾಳೆಲೆಯ ಮುಂದೆ ಕೂತವನ ಕೈ ನೋಡದೆಯೇ ಉಪ್ಪಿಗೆ ಹೋಗುತ್ತದೆ. ನನ್ನ ಬಣ್ಣದ ಮೆನು ಅಲ್ಲಿಗೆ ಮುಗಿಯಿತು.

ಆಮೇಲೆ ಅವರ ಕಂಪ್ಯೂಟರಿಗೆ ಯುನಿಕ್ಸಿನದೇ ಬಳಗದ ಲಿನಕ್ಸ್ ಹಾಕಿ, ತೀರಾ ಬಡಪಾಯಿಯಾದ ಒಂದು ಮೆನು ಪ್ರೋಗ್ರಾಮನ್ನು ತಂದೆ. ಅದಕ್ಕೆ ಸ್ವಂತ ಬುದ್ಧಿ ಎಂಬುದೇ ಇಲ್ಲ. ಒಂದು ಫೈಲಿನಲ್ಲಿ ಸಾಲುಗಳನ್ನು ಬರೆದುಕೊಟ್ಟರೆ ಪರದೆಯ ತುದಿಯಲ್ಲಿ ಒಂದು ಪಟ್ಟಿಯಾಗಿ ತೋರಿಸುತ್ತದೆ. ಅಂಕಿ ಒತ್ತಿದರೆ ಅದಿರುವ ಸಾಲುಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಸರಿಸುತ್ತದೆ. ಒಂದೇ ಸಾಲು ಉಳಿದರೆ ತಾನೇ ಆ ಕೆಲಸಕ್ಕೆ ಹೊರಡುವಂತೆ ಮಾಡಿಕೊಟ್ಟೆ. ಪರದೆಯ ಮೇಲೆ ಬೇರೇನೂ ಇಲ್ಲ, ಬರೀ ಕಪ್ಪು. ಮೇಡಂಗೆ ಅದು ಬಹಳ ಹಿಡಿಸಿತು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲಿನ ನಡುಮನೆಯ ಹಾಗಿದೆ ಎಂದರು. ಪಟ್ಟಿಯನ್ನು ಎಡಗಡೆ ಮೇಲ್ತುದಿಗೆ ಇಡಿಸಿಕೊಂಡರು, ಯಾಕೆಂದರೆ ಕಿಟಕಿಯ ಕಡೆ ನೋಡಿದರೆ ಅವರಿಗೆ ಕಾಣುತ್ತಿದ್ದದ್ದು ಆ ತುದಿ. ಆ ಪ್ರೋಗ್ರಾಮಿಗೆ ಕನ್ನಡ ಅಷ್ಟಕ್ಕಷ್ಟೇ, ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದಿರುತ್ತಿದ್ದವು. ಸರಿ ಮಾಡುತ್ತೇನೆ ಎಂದರೆ, ಬಿಡಪ್ಪ, ನನಗೇ ಕಾಣಲ್ಲ, ಅವು ಎಲ್ಲಿ ಬಿದ್ದಿದ್ದರೇನು ಎಂದರು.

ಸಾಲುಗಳನ್ನು ಅವರೇ ಕೂತು ಬರೆದರು. ಬ್ಯಾಂಕಿನವರು ಮಾತ್ರ ಮಾಡುವ ತಪ್ಪನ್ನು ಅಲ್ಲಿ ಮಾಡಿದರು. ಒಂದರಿಂದ ಹನ್ನೆರಡರವರೆಗೆ ಚೊಕ್ಕವಾಗಿ ಅಂಕಿ ಹಾಕಿ, ಕೆಳಗೆ ಸೊನ್ನೆ ಹಾಕಿ, ಒಂದು ಒತ್ತಿದರು. ಏನೂ ಆಗಲಿಲ್ಲ. ಒಂದರ ಜೊತೆಗೆ ಹತ್ತು, ಹನ್ನೊಂದು, ಹನ್ನೆರಡೂ ಎದುರಿಗೆ ನಿಂತಿದ್ದವು, ಅವುಗಳಲ್ಲೂ ಒಂದು ಇದೆಯಲ್ಲ! ಸೊನ್ನೆ ಒತ್ತಿದರೆ ಹತ್ತೂ ಬಂದು ನಿಲ್ಲುತ್ತಿತ್ತು. ಎರಡೆರಡು ಅಂಕಿ ಇಡೋಣ ಎಂದೆ. ಎರಡು ಕೀ ಎಂದರೆ ಎರಡು ತಪ್ಪಿಗೆ ಜಾಗ, ಬೇಡ ಎಂದರು. ಹಾಗಾದರೆ ಒಂಬತ್ತೇ. ಮೂರು ಕೆಲಸಗಳನ್ನು ಕೈಬಿಡಬೇಕು.

ಅದಕ್ಕೆ ಅವರು ಒಂದು ವಾರ ತೆಗೆದುಕೊಂಡರು. ಮಧ್ಯಾಹ್ನ ವರಾಂಡದಲ್ಲಿ ಕೂತು ಹೊಂಗೆ ಮರದ ಕಡೆ ಮುಖ ಮಾಡಿ ಯೋಚಿಸುತ್ತಿದ್ದರು. ಕಣ್ಣಿಲ್ಲದ ಬಾಳಿಗೆ ಏನೇನು ಬೇಕು ಎಂದು ಕಣ್ಣಿರುವಾಗಲೇ ಕೂತು ಆರಿಸುವುದು ಎಂಥ ಕೆಲಸ ಎಂದು ನನಗೆ ಈಗ ಹೊಳೆಯುತ್ತದೆ. ಆಗ ನಾನು ಇಷ್ಟು ಸಣ್ಣದಕ್ಕೆ ಇಷ್ಟು ದಿನವೇ ಎಂದು ಒಳಗೊಳಗೇ ಗೊಣಗಿದ್ದೆ. ಕೊನೆಗೆ ಪೇಪರು ಹೋಯಿತು. ಡಿಪಾಸಿಟ್ಟಿನ ಬಡ್ಡಿ ಲೆಕ್ಕ ಹೋಯಿತು, ಅದು ಬಾಯಲ್ಲೇ ಬರುತ್ತದಂತೆ. ಪಂಚಾಂಗವೂ ಹೋಯಿತು. ಅಕ್ಕನನ್ನು ಕೇಳಬೇಕಾಗುತ್ತಲ್ಲ ಮೇಡಂ ಎಂದು ನಾನು ಚೇಷ್ಟೆ ಮಾಡಿದರೆ, ಇವತ್ತು ಏಕಾದಶಿ ಅಂತ ಅಕ್ಕ ಕೇಳದೆಯೇ ಹೇಳುತ್ತಾಳೆ, ಅದೇ ಅವಳ ಕಷ್ಟ ಎಂದರು.

ಉಳಿದ ಒಂಬತ್ತರಲ್ಲಿ ಒಂದು ಒತ್ತಿದರೆ ಗಂಟೆ ಎಷ್ಟೆಂದು ಹೇಳುತ್ತಿತ್ತು. ಮೂರಕ್ಕೆ, ಓದಿಸುತ್ತಿದ್ದ ಪುಸ್ತಕ ನಿಂತಲ್ಲಿಂದ ಮುಂದಕ್ಕೆ. ನಾಲ್ಕಕ್ಕೆ ಹಾಡು, ಅದರೊಳಗೆ ಬೆಳಗಿನವು, ಸಂಜೆಯವು. ಓದುತ್ತಿದ್ದದ್ದು ಯಂತ್ರದ ದನಿ, ನೆಗಡಿಯಾದ ಬ್ರಾಂಚ್ ಮ್ಯಾನೇಜರ ಹಾಗಿದ್ದಾನೆ ಎಂದು ಅವರು ನಗುತ್ತಿದ್ದರು. ಅವನ ಕೊರೆತ ಅಕ್ಕನಿಗೆ ಬೇಡವೆಂದು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು. ನಾಲ್ಕು ಗಂಟೆ ಹತ್ತಿರವಾದರೆ ಒಂದು ಕಿವಿಯಿಂದ ಅದನ್ನು ಸ್ವಲ್ಪ ಸರಿಸಿಟ್ಟುಕೊಳ್ಳುತ್ತಿದ್ದರು.

ಅಭ್ಯಾಸ ಊಟವಾದ ಮೇಲೆ. ಹರೆಯದಲ್ಲಿ ಹತ್ತಿರದ ಶ್ರೀನಗರ ಬಡಾವಣೆಯ ಟೈಪಿಂಗ್ ಶಾಲೆಯಲ್ಲಿ ಕೀಲಿಗಳನ್ನು ನೋಡಿದರೆ ಬೆರಳ ಮೇಲೆ ಏಟು ಬೀಳುತ್ತಿತ್ತಂತೆ. ಅದೇ ಪದ್ಧತಿ ಇಲ್ಲಿಗೂ ಬಂತು. ಅಡುಗೆಮನೆಯ ಕೈಮಸಿ ಬಟ್ಟೆಯನ್ನು ಎರಡೂ ಕೈಗಳ ಮೇಲೆ ಹೊದಿಸಿಕೊಂಡು, ಮುಖವನ್ನು ಗೋಡೆಯ ಕಡೆ ಮಾಡಿ ಒತ್ತುತ್ತಿದ್ದರು. ಮೆನು ಕರೆಯುವ ಕೀಲಿ ಕೈಗೆ ಸಿಗಲೆಂದು ಅದರ ಮೇಲೆ ಹರಳಿನ ಬೊಟ್ಟೊಂದನ್ನು ಅಂಟಿಸಿದ್ದರು. ಮನೆಯಲ್ಲಿ ಬೊಟ್ಟಿಡುವವಳು ನೀನೊಬ್ಬಳೇ ಇದ್ದೆ, ಈಗ ಕೀಬೋರ್ಡೂ ಸೇರಿತು ಎಂದು ದೊಡ್ಡಮ್ಮ ಕೆಣಕಿದರು. ಬಟ್ಟೆಯ ಕೆಳಗೆ ಬೆರಳು ಓಡಾಡುವುದು ಹೊರಗೆ ಅಲೆಅಲೆಯಾಗಿ ಕಾಣುತ್ತಿತ್ತು. ಬಿಸಿಲು ಕೆಂಪು ನೆಲದ ಮೇಲೆ ಕಿಟಕಿಯಿಂದ ಬಾಗಿಲಿಗೆ ಸರಿದುಹೋಗುವುದನ್ನು ನೋಡುತ್ತ ನಾನು ಎಷ್ಟೋ ಭಾನುವಾರ ಅಲ್ಲೇ ತೂಕಡಿಸಿದ್ದೇನೆ.

ಬರಬರುತ್ತ ಅಂಕಿಗಳು ಮನೆಯ ಮಾತಿನೊಳಕ್ಕೂ ಬಂದವು. ಮೇಡಂ ಏನು ಮಾಡುತ್ತಿದ್ದಾರೆ ಎಂದು ಕೇಳಿದರೆ ದೊಡ್ಡಮ್ಮ ಕಾಯಿ ತುರಿಯುತ್ತಲೇ, ಇವತ್ತು ಊಟ ಆದಾಗಿಂದ ಮೂರು, ಪುಸ್ತಕದಲ್ಲಿ ಯಾರೋ ಸಾಯೋ ಹಾಗಿದೆ, ಮುಖ ಸಣ್ಣ ಮಾಡ್ಕೊಂಡಿದಾಳೆ ಎನ್ನುತ್ತಿದ್ದರು. ಕೀಲಿಯ ಸದ್ದಿನಿಂದಲೇ ಯಾವ ಅಂಕಿ ಎಂದು ಅವರಿಗೆ ಗೊತ್ತಾಗುತ್ತಿತ್ತು. ಆ ಕಂಪ್ಯೂಟರನ್ನು ಮುಟ್ಟಿದವರಲ್ಲ, ಅದರ ಮುಂದಿನ ಕುರ್ಚಿಯಲ್ಲಿ ಕೂತವರೂ ಅಲ್ಲ.

ಸೊನ್ನೆಯ ವಿಷಯಕ್ಕೆ ಮೇಡಂಗೂ ನನಗೂ ಜಗಳವೇ ಆಗಿತ್ತು. ಮೆನು ಬೇಡವೆಂದರೆ ಎಸ್ಕೇಪ್ ಒತ್ತಿದರೆ ಸಾಕು, ಸೊನ್ನೆ ಸುಮ್ಮನೆ ದಂಡ ಎಂದು ನನ್ನ ವಾದ. ಒಳಗೆ ಹೋದವರಿಗೆ ಹೊರಗೆ ಬರುವ ದಾರಿ ಬರೆದಿರಬೇಕು, ಸೊನ್ನೆ ಇಲ್ಲದ್ದು ಮೆನುವೇ ಅಲ್ಲ ಎಂದು ಅವರ ವಾದ. ಗೆದ್ದದ್ದು ಅವರೇ. ಆದರೆ ಅದನ್ನು ಒತ್ತಿದರೆ ಏನಾಗಬೇಕು ಎಂದು ಅವರಿಗೇ ತಿಳಿಯದೆ ಬಹಳ ದಿನ ಸೊನ್ನೆ ಖಾಲಿಯಾಗಿಯೇ ಇತ್ತು.

ಒಂದು ಮಧ್ಯಾಹ್ನ ಅವರು ಕನಸಿನ ಮಾತು ತೆಗೆದರು. ಕನಸಿನಲ್ಲಿ ತಮಗೆ ಎಲ್ಲವೂ ಕಾಣುತ್ತದೆ, ಮುಖಗಳ ನಡುಭಾಗ ಕೂಡ, ಮೂಗು, ಮೂಗಿನ ಮೇಲಿನ ಬೆವರು ಸಹಿತ. ಎಲ್ಲಿಗೆ ಹೋಗಬೇಕೆಂದು ಗೋಡೆಯ ಮೇಲೆ ಮೆನು ಬರುತ್ತದೆ. ತಾವು ಒತ್ತುತ್ತ ಒತ್ತುತ್ತ ಒಳಗೊಳಗೆ ಹೋಗುತ್ತಾರೆ. ಅಮ್ಮನ ತವರುಮನೆ, ಹಳೆಯ ಬ್ರಾಂಚು, ಈಗ ಇಲ್ಲದ ಒಂದು ಸಂಪಿಗೆ ಮರ. ಬಹಳ ದೂರ ಹೋದೆನೆಂದು ಹೆದರಿಕೆಯಾದಾಗ ಸೊನ್ನೆ ಹುಡುಕುತ್ತಾರೆ.

"ಸೊನ್ನೆ ಒತ್ತಿದ್ರೆ ಏನಾಗುತ್ತೆ ಗೊತ್ತಾ? ಅಕ್ಕ ಕರೀತಾಳೆ, ಕಾಫಿ ಆರ್ತಾ ಇದೆ ಅಂತ. ಎಚ್ಚರ ಆಗುತ್ತೆ."

ಹೀಗೆಂದವರೇ, ಆ ಕೂಗನ್ನೇ ಸೊನ್ನೆಗೆ ಹಾಕಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಅಕ್ಕ ಇಲ್ಲದ ಕಾಲಕ್ಕೆ ತಮ್ಮನ್ನು ಹೊರಗೆ ಕರೆಯುವವರು ಬೇಕಲ್ಲ ಎಂದರು. ದೊಡ್ಡಮ್ಮನಿಗೆ ಮಾತ್ರ ತಿಳಿಯಕೂಡದು, ತಿಳಿದರೆ ರೇಡಿಯೋದವರ ಹಾಗೆ ರಾಗ ತೆಗೆದು ಕರೆಯುತ್ತಾಳೆ. ಮರುದಿನ ನಾಲ್ಕಕ್ಕೆ ಮುಂಚೆ ನನ್ನ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ, ಅದನ್ನು ಅಡುಗೆಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟೆವು. ಕರೆಯುವುದು ಒಂದೇ ಸಲವಾದ್ದರಿಂದ ತಪ್ಪಿದರೆ ಮತ್ತೆ ನಾಳೆಯವರೆಗೆ ಕಾಯಬೇಕಿತ್ತು. ತಪ್ಪಲಿಲ್ಲ. ಕೂಗಿನ ಹಿಂದೆ ಬೀದಿಯಲ್ಲಿ ಸೊಪ್ಪು ಮಾರುವವಳ ದನಿ ಸ್ವಲ್ಪ ಸೇರಿಕೊಂಡಿತ್ತು. ಅದನ್ನು ತೆಗೆಯಲೇ ಎಂದೆ, ಅವಳೂ ಇರಲಿ ಎಂದರು. ಹೆಡ್‌ಫೋನ್ ಹಾಕಿಕೊಂಡು ಸೊನ್ನೆ ಒತ್ತಿ ಕೇಳಿದರು. ಆಮೇಲೆ ಮೇಜಿನ ಮೇಲೆ ಬೆರಳು ತಟ್ಟಿ ಪಾಸ್ ಎಂದರು.

ಆಮೇಲಿನ ವರ್ಷ ಅವರು ಕಿಟಕಿಯ ಕಡೆ ನೋಡುವುದು ಕಡಿಮೆಯಾಯಿತು. ಗೋಡೆ ಹಿಡಿದು ನಡೆಯತೊಡಗಿದರು. ಲೋಟ ಇಡುವ ಜಾಗ, ಚಪ್ಪಲಿಯ ಜಾಗ ಎಲ್ಲಕ್ಕೂ ದೊಡ್ಡಮ್ಮ ಎಲೆಯ ಮೇಲಿನ ಉಪ್ಪಿನ ನಿಯಮ ತಂದರು. ನಾನು ಆಫೀಸಿನ ಕೆಲಸದಲ್ಲಿ ಮುಳುಗಿ ಕೆಲವು ವಾರ ಕೆಳಗೆ ಹೋಗಿರಲಿಲ್ಲ. ಹೋದ ದಿನ ನೋಡಿದರೆ ಮೇಡಂ ಕಂಪ್ಯೂಟರಿನ ಮುಂದೆ ಕೂತು ತಲ್ಲೀನರಾಗಿ ಏನೋ ಕೇಳುತ್ತಿದ್ದಾರೆ, ಕೈ ಮೇಲೆ ಬಟ್ಟೆಯಿಲ್ಲ, ಎದುರಿನ ಪರದೆ ಕಪ್ಪಗಿದೆ. ಆ ಕಪ್ಪು ನಮ್ಮ ಖಾಲಿ ಪರದೆಯ ಕಪ್ಪಲ್ಲ. ಮೂಲೆಯ ಹಸಿರು ದೀಪವೂ ಆರಿತ್ತು.

"ಮೇಡಂ, ಪರದೆ ಬಂದ್ ಆಗೇತಲ್ರೀ," ಎಂದೆ.

ಅವರು ಹೆಡ್‌ಫೋನ್ ಸರಿಸಿ, ಹೌದೇ, ಯಾವಾಗಿನಿಂದ ಎಂದು ನನ್ನನ್ನೇ ಕೇಳಿದರು. ಯಾರಿಗೆ ಗೊತ್ತು? ಕಸ ಗುಡಿಸುವಾಗ ತಂತಿ ಕಳಚಿತೆಂದುಕೊಂಡು ತಡಕಿದೆ, ತಂತಿ ಇತ್ತು, ಮಾನಿಟರೇ ಸತ್ತುಹೋಗಿತ್ತು. ಎಷ್ಟೋ ದಿನದಿಂದ ಅವರು ಯಾವ ಪರದೆಯ ಮೇಲೂ ಇಲ್ಲದ ಮೆನುವಿನಲ್ಲಿ ಒಳಗೆ ಹೋಗಿ ಹೊರಗೆ ಬರುತ್ತಿದ್ದರು. ಗೊತ್ತಾದ ಕೂಡಲೇ ಅವರು ನಕ್ಕರು, ಹೆಗಲು ಕುಣಿಯುವ ಹಾಗೆ ನಕ್ಕರು. ಗೆದ್ದೆವಲ್ಲ ಎಂದು ನನಗೂ ನಗು ಬಂತು, ಆಮೇಲೆ ಹೊಳೆಯಿತು: ಪರದೆ ಆರಿದ್ದು ಕಾಣದಷ್ಟು ಕತ್ತಲಾಗಿತ್ತು ಅವರಿಗೆ. ಹೊಸ ಮಾನಿಟರ್ ತರುತ್ತೇನೆಂದರೆ ಕೇಳಲಿಲ್ಲ, ಕರೆಂಟು ಉಳಿಯಿತು, ಆ ಜಾಗದಲ್ಲಿ ಒಂದು ಹೂವಿನ ಕುಂಡ ಇಡು ಎಂದರು. ಹಳೆಯದನ್ನು ಗುಜರಿಯವನಿಗೆ ಕೊಟ್ಟೆ. ಕುಂಡದಲ್ಲಿ ದೊಡ್ಡಮ್ಮ ದೊಡ್ಡಪತ್ರೆ ನೆಟ್ಟರು.

ಮೇಡಂ ಯೋಚಿಸಿದ್ದ ಲೆಕ್ಕವೆಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ಹೋದ ಚಳಿಗಾಲದಲ್ಲಿ ಜ್ವರವೆಂದು ಮಲಗಿದವರು, ಎದೆಯಲ್ಲಿ ಕಫ ಕಟ್ಟಿ, ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಎಂಟು ವರ್ಷ ದೊಡ್ಡವರಾದ ಅಕ್ಕ ಉಳಿದರು. ಕೊನೆಯ ಸಲ ನಾನು ಆಸ್ಪತ್ರೆಗೆ ನೋಡಲು ಹೋದಾಗ ಮೇಡಂ ಮುಖವನ್ನು ನನ್ನ ದನಿ ಬಂದ ಕಡೆಗೆ ನೇರವಾಗಿ ತಿರುಗಿಸಿದ್ದರು. ಇನ್ನು ಪಕ್ಕಕ್ಕೆ ನೋಡಬೇಕಾದ ಅಗತ್ಯವೇ ಅವರಿಗೆ ಉಳಿದಿರಲಿಲ್ಲ. ನಾನು ಅದನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿದೆ.

ಕರ್ಮಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ದೊಡ್ಡಮ್ಮ ನನ್ನನ್ನು ಕರೆಸಿದರು. ಬಿಳೇಕಹಳ್ಳಿಯ ನೆಂಟರ ಮನೆಯಲ್ಲಿ ಯಾರಿಗೋ ಕಂಪ್ಯೂಟರ್ ಬೇಕಂತೆ, ಇದನ್ನು ಕೊಡಬಹುದೇ ನೋಡು ಎಂದರು. ಚಾಲೂ ಮಾಡಿದೆ. ಪರದೆಯಿಲ್ಲದ್ದರಿಂದ ಚಾಲೂ ಆಯಿತೋ ಇಲ್ಲವೋ ತಿಳಿಯುವುದು ಅದರ ಫ್ಯಾನಿನ ಸದ್ದಿನಿಂದ. ದೊಡ್ಡಪತ್ರೆಯ ಕುಂಡದ ಹಿಂದೆ ಅದು ಮೆಲ್ಲಗೆ ಉಸಿರಾಡತೊಡಗಿತು. ದೊಡ್ಡಮ್ಮ ನಿಂತೇ ಇದ್ದವರು, ಸೆರಗಿಗೆ ಕೈ ಒರೆಸಿಕೊಂಡು ಬಂದು ಆ ಕುರ್ಚಿಯಲ್ಲಿ ಕೂತರು. ಹೆಡ್‌ಫೋನನ್ನು ತುರುಬಿನ ಮೇಲಿಂದ ಹಾಕಿಕೊಂಡರು. ಹರಳಿನ ಬೊಟ್ಟನ್ನು ಹೆಬ್ಬೆರಳಿನಿಂದ ತಡಕಿ ಒತ್ತಿದರು. ಮುಂದೆ ಯಾವುದು ಎಂದು ನಾನು ಹೇಳಬೇಕಾಗಲಿಲ್ಲ. ದಿನವೂ ಎಲ್ಲಕ್ಕಿಂತ ಕೊನೆಯಲ್ಲಿ, ತಂಗಿ ಎದ್ದು ಬರುವ ಮೊದಲು ಕೇಳಿಸುತ್ತಿದ್ದ ಸದ್ದು, ಕೀಬೋರ್ಡಿನ ಬಲಗಡೆ ಅಂಕಿಗಳ ಕೆಳಗಿನ ಆ ಉದ್ದನೆಯ ಕೀಲಿಯದು. ಅವರು ಸೊನ್ನೆ ಒತ್ತಿದರು.

ನನಗೇನೂ ಕೇಳಿಸಲಿಲ್ಲ. ಅವರ ಮುಖ ಮಾತ್ರ ನೋಡುತ್ತಿದ್ದೆ. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಕೈ ತಾನಾಗಿ ಬಾಯಿಗೆ ಹೋಯಿತು. ಹೊರಗೆ ಹೊಂಗೆ ಮರದಲ್ಲಿ ಗಿಳಿಗಳು ಗಲಾಟೆ ಎಬ್ಬಿಸಿದ್ದವು. ಆಮೇಲೆ ಹೆಡ್‌ಫೋನನ್ನು ಒಂದು ಕಿವಿಯಿಂದ ಸ್ವಲ್ಪವೇ ಸರಿಸಿ ಕೇಳಿದರು.

"ಇದು ನಾನೇ ಅಲ್ವೇನಪ್ಪ?"

ಹೌದು ದೊಡ್ಡಮ್ಮ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಮೇಡಂ ಮೆನು ಕೇಳಿದ ಆ ಭಾನುವಾರ ಒಗ್ಗರಣೆಯ ಸದ್ದಿನಲ್ಲೂ ಅವರಿಗೆ ಎಲ್ಲ ಕೇಳಿಸಿತ್ತು ಎಂದು ನನಗೆ ಆಗ ತಿಳಿಯಿತು.

"ಒಂದೇ ಸಲ ಕರೆದಿದೀನಿ ನೋಡು," ಎಂದರು.

ಕಂಪ್ಯೂಟರ್ ಎಲ್ಲಿಗೂ ಹೋಗುವುದು ಬೇಡ ಎಂದರು. ಹೆಡ್‌ಫೋನನ್ನು ಮತ್ತೆ ಸರಿಯಾಗಿ ಹಾಕಿಕೊಂಡರು. ಬೆರಳಿಗೆ ಬೊಟ್ಟು ಸಿಗಲು ತುಸು ಹೊತ್ತಾಯಿತು. ಸಿಕ್ಕ ಮೇಲೆ, ಜೀವಮಾನದಲ್ಲಿ ತಂಗಿಯನ್ನು ಎರಡನೇ ಸಲ ಕರೆಯದ ದೊಡ್ಡಮ್ಮ, ಇನ್ನೊಂದು ಸಲ ಸೊನ್ನೆ ಒತ್ತಿದರು.